ಸಿದ್ದರಾಜು ಹಚ್ಚಿದ ಜೆಲ್

ನಮ್ಮ ಫಾರ್ಮಸಿ ಕಾಲೇಜಿನ ಕಾಗದಪತ್ರಗಳಲ್ಲಿ ಸಿದ್ದರಾಜು ಬರೀ ಅಟೆಂಡರ್. ಬರೆದವರಿಗೇನು ಗೊತ್ತು! ಸಿಂಧಘಟ್ಟದ ಈ ಎಸ್ಸೆಸ್ಸೆಲ್ಸಿ ಫೇಲಾದವನು ಮೂರು ವರ್ಷ ನನ್ನ ಸಂಶೋಧನೆಯ ಅರ್ಧ ಭಾರ ಹೊತ್ತ. ಸರ್ಪಸುತ್ತಿನಂಥ ವೈರಸ್ ಹುಣ್ಣುಗಳಿಗೆ ಆಗ ಸಿಗುತ್ತಿದ್ದ ಮುಲಾಮನ್ನು ದಿನಕ್ಕೆ ಐದು ಸಲ ಹಚ್ಚಬೇಕಿತ್ತು. ಗದ್ದೆಯಲ್ಲಿ ನಾಟಿ ಹಾಕುವವಳು ಐದು ಸಲ ಕೈ ತೊಳೆದು ಹಚ್ಚಿಕೊಳ್ಳುವುದುಂಟೇ? ಒಮ್ಮೆ ಹಚ್ಚಿದರೆ ಹನ್ನೆರಡು ಗಂಟೆ ಇಷ್ಟಿಷ್ಟೇ ಔಷಧಿ ಬಿಡುವ ಜೆಲ್ ಮಾಡಬೇಕೆಂಬುದು ನನ್ನ ಹಟ.

ಜೆಲ್ಲಿನ ಪುಡಿಯನ್ನು ನೀರಿಗೆ ಹಾಕಿ ಕಲಕಿದಷ್ಟೂ ಗಂಟಾಗುತ್ತಿತ್ತು. ಸಿದ್ದರಾಜು ಅದನ್ನು ನೀರಿನ ಮೇಲೆ ಉದುರಿಸಿ, ಮುಟ್ಟದೆ ಬಿಟ್ಟ.

"ಮೊದ್ಲು ನೆನೀಲಿ ಬುಡಿ ಮೇಡಂ, ಮುದ್ದೆಗೆ ರಾಗಿ ಇಟ್ಟು ಆಕ್ದಂಗೆ. ಆಮ್ಯಾಲೆ ತಿರುವಾನ."

ಒಂದು ಗಂಟೂ ಇರಲಿಲ್ಲ. ಎಂ.ಫಾರ್ಮ್ ಓದಿದ ನನಗೆ ನಾಚಿಕೆಯಾಯಿತು.

ಹೋಲಿಸಿ ನೋಡಲು ಔಷಧಿ ಬೆರೆಸದ ಜೆಲ್ಲನ್ನೂ ಮಾಡುತ್ತಿದ್ದೆವು. ಡಬ್ಬಿಗಳ ಮೇಲೆ ಬರೀ ನಂಬರು. ಯಾವುದರಲ್ಲಿ ಔಷಧಿಯಿದೆ ಎಂಬುದನ್ನು ನಾನೊಬ್ಬಳೇ ಬರೆದಿಟ್ಟುಕೊಳ್ಳುತ್ತಿದ್ದೆ. ಮನುಷ್ಯರಿಗೆ ಹಚ್ಚಲು ಇನ್ನೂ ಅನುಮತಿ ಬಂದಿರಲಿಲ್ಲ.

ತೊಂಬತ್ತಾರರ ಶ್ರಾವಣದ ಒಂದು ಸೋಮವಾರ ಏಳನೇ ನಂಬರಿನ ಡಬ್ಬಿ ಕಾಣಲಿಲ್ಲ. ಸಿದ್ದರಾಜುವೂ ಬಂದಿರಲಿಲ್ಲ. ತಾಯಿ ಮಂಚಮ್ಮನಿಗೆ ಹಣೆಯ ಮೇಲೆ ಸರ್ಪಸುತ್ತು ಎದ್ದಿದೆಯೆಂದು ಶನಿವಾರ ಹೇಳಿದ್ದ. ಪುಸ್ತಕ ತೆರೆದು ನೋಡಿದೆ. ಏಳರಲ್ಲಿ ಔಷಧಿಯೇ ಇರಲಿಲ್ಲ. ಸರ್ಪಸುತ್ತಿಗೆ ಮೊದಲ ಮೂರು ದಿನದೊಳಗೆ ಮಾತ್ರೆ ಬೀಳಬೇಕು. ಹಣೆಯದು ಕಣ್ಣಿಗಿಳಿದರೆ ದೃಷ್ಟಿಯೇ ಹೋದೀತು. ಸಿಂಧಘಟ್ಟದ ಕಡೆಗೆ ಸಿಕ್ಕಿದ ಬಸ್ಸು ಹತ್ತಿದೆ.

ಮಂಚಮ್ಮ ಜಗಲಿಯ ಮೇಲೆ ಕೂತಿದ್ದಳು. ನಲವತ್ತು ವರ್ಷದಿಂದ ಸುತ್ತಲಿನ ಹಳ್ಳಿಗಳ ಸರ್ಪಸುತ್ತಿಗೆಲ್ಲ ಕೆಮ್ಮಣ್ಣು ಕಲಸಿ ಬಳಿದ ಹೆಂಗಸು. ಹಣೆಯ ಬೊಕ್ಕೆಗಳ ಮೇಲೆ ನಮ್ಮ ಜೆಲ್ ಮಿನುಗುತ್ತಿತ್ತು. ಬಲಗಣ್ಣಿನ ರೆಪ್ಪೆ ಊದಿತ್ತು.

"ತಪ್ಪಾಯ್ತು ಮೇಡಂ, ಕೇಳ್ದೆ ತಂದ್ಬುಟ್ಟೆ," ಅಂದ ಸಿದ್ದರಾಜು.

"ಆಸ್ಪತ್ರೆಗೆ ಹೊರಡಿ ಅಮ್ಮ," ಅಂದೆ.

"ಯಾಕವ್ವ? ತಂಪಾಗದೆ. ನನ್ ಮಗ ಮಾಡಿರೋ ಔಸ್ದಿ," ಎಂದಳು ಮಂಚಮ್ಮ. ಸಿದ್ದರಾಜುವಿನ ಮುಖ ಅರಳಿತು. ಅವನು ಇಷ್ಟು ದೊಡ್ಡವನಾದದ್ದನ್ನು ನಾನು ಲ್ಯಾಬಿನಲ್ಲಿ ಒಂದು ದಿನವೂ ನೋಡಿರಲಿಲ್ಲ. ಬಾಯಿ ಬಿಡಲು ಮನಸ್ಸಾಗಲಿಲ್ಲ. ಆದರೆ ಆ ಕಣ್ಣು!

"ಸಿದ್ದರಾಜು, ಈ ಡಬ್ಬೀಲಿ ಔಷಧಿ ಹಾಕಿಲ್ಲ. ಬರೀ ಜೆಲ್."

ಅವನು ತನ್ನ ಬೆರಳುಗಳನ್ನೇ ನೋಡುತ್ತ ನಿಂತ. ನನಗೆ ಅಳು ಬಂತು.

ಮಂಚಮ್ಮ ನನ್ನ ಕಡೆ ತಿರುಗಿದಳು. "ನನ್ ಕೆಮ್ಮಣ್ಣಲ್ಲಿ ಏನಿತ್ತವ್ವ? ಅದೂ ತಂಪಾಗೋದು. ನಮ್ ಪಕ್ಕದ್ಮನೆ ಬೋರಯ್ಯಂಗೂ ಇಂಗೇ ಹಣೆ ಮ್ಯಾಲೆ ಎದ್ದಿತ್ತು. ಆಸ್ಪತ್ರೆಗ್ ಓಗು ಅನ್ನಲಿಲ್ಲ ನಾನು. ಈಗ ಒಂದೇ ಕಣ್ಣಲ್ ನೋಡ್ತಾವ್ನೆ." ಮಗನ ತೋಳು ಹಿಡಿದು ಎದ್ದಳು. "ನಡೀಲಾ ಸಿದ್ದ, ಬಸ್ಸು ಓಗ್ಬುಡ್ತದೆ."

ಕೆ.ಆರ್. ಪೇಟೆ ಆಸ್ಪತ್ರೆಯಲ್ಲಿ ಅಂದೇ ಮಾತ್ರೆ ಶುರುವಾಯಿತು. ಕಣ್ಣು ಉಳಿಯಿತು. ಮಂಚಮ್ಮ ಕೆಮ್ಮಣ್ಣಿನ ಕುಡಿಕೆ ಕವುಚಿಟ್ಟಳು. ಅವಳನ್ನು ಹುಡುಕಿಕೊಂಡು ಬಂದವರನ್ನು ಸಿದ್ದರಾಜು ತನ್ನ ಬೆಳಗಿನ ಬಸ್ಸಿನಲ್ಲೇ ಕರೆತಂದು, ಆಸ್ಪತ್ರೆಯ ಬಾಗಿಲಿಗೆ ಬಿಟ್ಟು, ಲ್ಯಾಬಿಗೆ ತಡವಾಗಿ ಬರುತ್ತಿದ್ದ. ನಾನು ಒಂದು ದಿನವೂ ಯಾಕೆಂದು ಕೇಳಲಿಲ್ಲ.