ಇಬ್ಬರ ಹೆಸರಿನ ಹೊಲಿಗೆ ಅಂಗಡಿ

ನಾನು ಆಳಂದದ ಹತ್ತಿರದ ಹಿರೋಳ್ಳಿಯಲ್ಲಿ ಹುಟ್ಟಿ ಸೊಲ್ಲಾಪುರಕ್ಕೆ ಮದುವೆಯಾಗಿ ಹೋದವಳು. ದಾರಿ ಅಷ್ಟೇನೂ ದೂರದ್ದಲ್ಲ, ಆದರೆ ನಡುವೆ ಸರಹದ್ದಿತ್ತು. ಆ ಕಡೆ ಇಂಗ್ರೇಜಿ ರಾಜ್ಯ, ಈ ಕಡೆ ನಿಜಾಮರ ಮೊಗಲಾಯಿ. ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ. ನನ್ನ ತವರೂರು ನನ್ನ ಗಂಡನಿಗೆ ಪರದೇಶ.

ಅವರು ಬಟ್ಟೆ ಗಿರಣಿಯಲ್ಲಿದ್ದರು. ಹತ್ತಿಯ ಧೂಳಿಗೆ ಕೆಮ್ಮು ಹತ್ತಿತು. ಗಿರಣಿ ಬಿಡದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ನನಗೆ ಹೊಲಿಗೆ ಬರುತ್ತಿತ್ತು. ಕೈಯ ಚಿನ್ನದ ಪಾಟಲಿ ಮಾರಿ ಹಳೆಯ ಹೊಲಿಗೆ ಮಷೀನೊಂದನ್ನು ಕೊಂಡು ಅವರಿಗೂ ಕಲಿಸಿದೆ. ದೊಡ್ಡ ಮಗ್ಗ ನಡೆಸಿದ ಆ ಕೈ ಸೂಜಿಗೆ ದಾರ ಪೋಣಿಸಲು ಹೆಣಗುವುದನ್ನು ಕಂಡು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಕೆಮ್ಮು ಬರುವ ತನಕ.

ಮಷೀನನ್ನು ಬಂಡಿಗೆ ಹಾಕಿಕೊಂಡು ಸುಂಕದ ನಾಕಾ ದಾಟಿ ಆಳಂದಕ್ಕೆ ಬಂದೆವು. ಬಜಾರಿನಲ್ಲಿ ಒಂದು ಕೋಣೆ ಸಿಕ್ಕಿತು. ಅಂಗಡಿ ತೆರೆಯಲು ಉರ್ದುವಿನಲ್ಲಿ ಅರ್ಜಿ ಕೊಡಬೇಕಿತ್ತು. ಕಚೇರಿಯ ಮುಂದಿನ ಬೇವಿನ ಮರದಡಿ ಅರ್ಜಿ ಬರೆಯುತ್ತಿದ್ದ ಮುದುಕ ಮುನ್ಷಿಯ ಬಳಿ ಹೋದೆವು.

“ದುಕಾನ ಯಾರ ಹೆಸರಿಗೆ ಮಾಡ್ತೀರಿ?” ಎಂದು ಅವರು ಕೇಳಿದರು.

“ನನ್ನ ಹೆಸರಿಗೇ ರೀ,” ಎಂದರು ನನ್ನ ಗಂಡ.

“ನೀವು ಹೊರಗಿನ ಮುಲ್ಕಿನವರು. ಇಲ್ಲಿಯವರೊಬ್ಬರು ಜಾಮೀನು ನಿಲ್ಲಬೇಕಾಗ್ತದ. ಇಲ್ಲಾ, ಇಲ್ಲಿಯವರ ಜೋಡಿ ಪಾಲುದಾರ ಆಗ್ರಿ. ಅದೂ ಬ್ಯಾಡಂದ್ರ ಈ ಬೇಟಿ ಹೆಸರಿಗೆ ಮಾಡ್ರಿ. ಈಕಿ ಇಲ್ಲಿಯಾಕಿ.”

ನಾಳೆ ಬರುತ್ತೇವೆಂದು ಎದ್ದೆವು. ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಜಾಮೀನು ನಿಲ್ಲುವಷ್ಟು ಪರಿಚಯದವರು ಆಳಂದದಲ್ಲೂ ಇರಲಿಲ್ಲ. ತೊಗರಿ ವ್ಯಾಪಾರಿಯೊಬ್ಬ ಪಾಲುದಾರನಾಗಲು ಸಿದ್ಧನಿದ್ದ. ಆದರೆ ತಾನು ಹೇಳಿದ್ದನ್ನಷ್ಟೇ ಹೊಲಿಯಬೇಕು, ಹೆಂಗಸು ಮುಂದೆ ಕೂಡಬಾರದು ಎಂದ.

ಮರುದಿನ ಬೆಳಿಗ್ಗೆ ನನ್ನ ಗಂಡ ಎರಡು ತುತ್ತು ರೊಟ್ಟಿ ತಿಂದು ತಾಟು ಸರಿಸಿದರು.

“ನಿನ್ನ ಹೆಸರಿಗೆ ಆಗ್ಲಿ ಬಿಡು. ಹೊಲಿಗಿ ನಿಂದು, ಊರು ನಿಂದು,” ಎಂದರು. ತಾಟಿನ ಕಡೆಗೇ ನೋಡುತ್ತ, “ಖರೆ, ಮಂದಿ ಕೇಳಿದ್ರ ನಾ ಯಾರು ಅಂತ ಹೇಳಲಿ?” ಎಂದರು.

ಸಿಟ್ಟಿನ ಮಾತಲ್ಲ ಅದು. ಗಿರಣಿ ಬಿಟ್ಟ ಮೇಲೆ ಅವರನ್ನು ಕಾಡುತ್ತಿದ್ದ ಪ್ರಶ್ನೆಯೇ ಅದು ಎಂದು ನನಗೆ ಆಗ ತಿಳಿಯಿತು.

“ಇಲ್ಲಿಯವರ ಜೋಡಿ ಪಾಲುದಾರ ಆಗ್ರಿ ಅಂದ್ರಲ್ಲ ಮುನ್ಷಿಯವರು,” ಎಂದೆ. “ನಾ ಇಲ್ಲಿಯಾಕಿನೇ ಇದ್ದೇನಲ್ರಿ. ನನ್ನ ಜೋಡಿನೇ ಆಗ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಾಟನ್ನು ಮತ್ತೆ ಹತ್ತಿರ ಎಳೆದುಕೊಂಡರು.

ಗಂಡ-ಹೆಂಡಿರ ಪಾಲುಪತ್ರವನ್ನು ತಾವು ಎಂದೂ ಬರೆದಿಲ್ಲವೆಂದು ಮುನ್ಷಿ ನಕ್ಕರು. ಆದರೂ ಹೊಸ ಕಾಗದ ತೆಗೆದು ಬರೆಯತೊಡಗಿದರು. ಬರೆಯುತ್ತ ಬರೆಯುತ್ತ ತಲೆ ಎತ್ತಿ, “ಇದು ಕೇಳಲೇಬೇಕು, ಬ್ಯಾಸರ ಮಾಡ್ಕೋಬ್ಯಾಡ್ರಿ. ಪಾಲು ಮುರಿದ್ರ ಮಷೀನು ಯಾರಿಗೆ?” ಎಂದರು.

“ಆಕಿಗೆ,” ಎಂದರು ನನ್ನ ಗಂಡ, ಒಂದು ಗಳಿಗೆಯೂ ಯೋಚಿಸದೆ.

ನಾನು ಸೆರಗು ಸರಿಪಡಿಸಿಕೊಳ್ಳುವ ನೆವದಲ್ಲಿ ಕಣ್ಣೊರೆಸಿಕೊಂಡೆ.

ಅಂಗಡಿ ನಡೆಯಿತು. ಹೆಂಗಸೊಬ್ಬಳು ಅಳತೆ ತೆಗೆದುಕೊಳ್ಳುತ್ತಾಳೆಂದು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಕುಬಸ ಹೊಲಿಸಲು ಬಂದರು. ನನ್ನ ಗಂಡ ಬಟ್ಟೆ ಕತ್ತರಿಸುವುದರಲ್ಲಿ ನನ್ನನ್ನೂ ಮೀರಿಸಿದರು. ಕೆಮ್ಮು ಪೂರ್ತಿ ಹೋಗಲಿಲ್ಲ. ಆದರೆ ಮಾತಿನ ನಡುವೆ ನಿಂತು ಉಸಿರು ಹುಡುಕುವುದು ತಪ್ಪಿತು.

ಕೆಲವು ವರ್ಷಗಳ ಮೇಲೆ ಜೇವರ್ಗಿ ಕಡೆಯ ವಿಧವೆಯೊಬ್ಬಳು ಬಂದು, ಹೊಲಿಗೆ ಕಲಿಸುವಿರಾ ಎಂದು ಇವರನ್ನು ಕೇಳಿದಳು.

“ತಡೀರಿ, ನಮ್ಮ ಪಾಲುದಾರರನ್ನ ಕೇಳ್ತೇನಿ,” ಎಂದು ಗಂಭೀರವಾಗಿ ಹೇಳಿ ನನ್ನತ್ತ ತಿರುಗಿದರು. ನಾನು ನಗು ತಡೆದುಕೊಂಡು ಹೂಂ ಅಂದೆ.

ಆಕೆ ಮಳೆಗಾಲವಿಡೀ ನಮ್ಮಲ್ಲಿದ್ದು ಕಲಿತಳು. ಜೇವರ್ಗಿಗೆ ಮರಳಿ, ತನ್ನೊಬ್ಬಳ ಹೆಸರಿನಲ್ಲೇ ಅಂಗಡಿ ಹಾಕಿದಳು. ತೆರೆಯುವ ದಿನ ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಆಕೆಯ ಮೊದಲ ಗಿರಾಕಿಯಾಗಲೆಂದು ನಾನು ಒಂದು ಕುಬಸಕ್ಕಾಗುವಷ್ಟು ಖಣದ ಬಟ್ಟೆ ಒಯ್ದಿದ್ದೆ.