ತಪ್ಪು ಎನ್ನದ ಟೀಚರು

ಪ್ರತಿ ಬುಧವಾರ ಹತ್ತೂವರೆಗೆ ರಿಪ್ಪನ್‌ಪೇಟೆಯ ಸಮುದಾಯ ಭವನದಲ್ಲಿ ಮರೆವಿನ ಕಾಯಿಲೆಯ ಏಳೆಂಟು ಹಿರಿಯರನ್ನು ಸುತ್ತ ಕೂರಿಸಿಕೊಂಡು ಜಲಜಾಕ್ಷಿ ಟೀಚರು ಕ್ಲಾಸು ಶುರು ಮಾಡುತ್ತಾರೆ. ಮೂವತ್ತೆರಡು ವರ್ಷ ಗಣಿತ ಕಲಿಸಿದವರ ಈ ಕ್ಲಾಸಿನಲ್ಲಿ ತಪ್ಪು ಉತ್ತರ ಎಂಬುದೇ ಇಲ್ಲ. ಇವತ್ತು ಯಾವ ವಾರ ಎಂದರೆ ಒಬ್ಬರು ಸೋಮವಾರ ಅನ್ನುತ್ತಾರೆ, ಇನ್ನೊಬ್ಬರು ಶ್ರಾವಣ ಅನ್ನುತ್ತಾರೆ. ಟೀಚರು ತಲೆಯಾಡಿಸಿ ಎರಡನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ. ಅರ್ಧ ಗಾದೆ ಹೇಳಿ ಉಳಿದರ್ಧ ಕೇಳುತ್ತಾರೆ, ಯಾರು ಏನು ಸೇರಿಸಿದರೂ ಚಪ್ಪಾಳೆ ತಟ್ಟಿಸುತ್ತಾರೆ. ಮಸಾಲೆ ಡಬ್ಬಿಗಳನ್ನು ಒಂದೊಂದಾಗಿ ಮೂಸಿಸಿ ಏನೆಂದು ಕೇಳುತ್ತಾರೆ. ಅಲ್ಲಿಗೆ ಬರುವ ನಮ್ಮಪ್ಪ ಲವಂಗ ಮೂಸಿ "ಬೀಡಿ" ಅಂದಾಗ, "ಹೌದಲ್ವಾ ಹೂವಯ್ಯನೋರೆ, ಅದೂ ಘಾಟೇ" ಅಂದರು. ಅಪ್ಪ ಆ ದಿನವೆಲ್ಲ ಗೆಲುವಾಗಿದ್ದರು. ಇಷ್ಟು ತಾಳ್ಮೆ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿದೆ. ಡಬ್ಬಿಗಳನ್ನು ಮುಚ್ಚುತ್ತಾ ಹೇಳಿದರು: "ತಡವಾಗಿ ಬಂತು. ನಮ್ಮ ಯಜಮಾನ್ರಿಗೂ ಇದೇ ಮರೆವಿತ್ತು. ದಿನಾ ಕೂರಿಸಿ ಮಕ್ಕಳ ಹೆಸರು, ಊರಿನ ಹೆಸರು ಕೇಳ್ತಿದ್ದೆ. ತಪ್ಪಿದ್ರೆ ಗದರಿ ಹತ್ತು ಸಲ ಬರೆಸ್ತಿದ್ದೆ. ಗುಣ ಆಗ್ಲಿ ಅಂತ್ಲೇ ಮಾಡಿದ್ದು. ಕೊನೇ ವರ್ಷ ನಾನು ಒಳಗೆ ಬಂದ್ರೆ ಸಾಕು, ಶಾಲೆ ಮಕ್ಕಳ ಹಾಗೆ ಎದ್ದು ನಿಂತು ಏಟು ತಿನ್ನೋಕೆ ಅಂಗೈ ಚಾಚ್ತಿದ್ರು."