ತಿನ್ನೋರು ಯಾರು?

ಕುಮಟಾದ ಶಾಲೆಯಲ್ಲಿ ಪಾಠ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಹೊನ್ನಾವರಕ್ಕೆ ಬಂದು, ಒಂದು ಲೋಟ ಚಹಾ ಕುಡಿಯುವ ಮೊದಲೇ ಹಪ್ಪಳದ ಪ್ಯಾಕೆಟ್ಟಿಗೆ ವಿಳಾಸ ಬರೆಯಲು ಕೂರುವುದು ನನ್ನ ಹಣೆಬರಹವಾಗಿತ್ತು. ವ್ಯಾಪಾರ ಅತ್ತಿಗೆಯದು, ಅಂದರೆ ನನ್ನ ಗಂಡನ ಅಕ್ಕನದು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವರು, "ಸುಮ್ನೆ ಕೂತ್ಕಂಡು ಉಂಬಲೆ ಆಗ್ತಿಲ್ಲೆ" ಎಂದು ಹಲಸಿನ ಹಪ್ಪಳ ಮಾಡಿ ಮಾರಲು ಶುರು ಮಾಡಿದ್ದರು.

ಆರ್ಡರು ಬರುತ್ತಿದ್ದದ್ದು ಅವರ ಫೋನಿಗೆ. ಒಂದು ಆರ್ಡರಿಗೆ ಅರ್ಧ ಗಂಟೆ ಮಾತು! ಯಾರೇ ಫೋನ್ ಮಾಡಲಿ, ಅತ್ತಿಗೆಯ ಮೊದಲ ಪ್ರಶ್ನೆ ಒಂದೇ: "ತಿನ್ನೋರು ಯಾರು?" ಹಲ್ಲಿಲ್ಲದ ಮುದುಕರಿದ್ದರೆ ತೆಳ್ಳಗೆ ಲಟ್ಟಿಸಿದ್ದು, ಮಕ್ಕಳಿದ್ದರೆ ಖಾರ ಕಡಿಮೆಯದ್ದು. ಬಾಣಂತಿ ಎಂದರೆ ಹಪ್ಪಳವನ್ನೇ ಕೊಡುತ್ತಿರಲಿಲ್ಲ, ಬೈದು ಫೋನ್ ಇಡುತ್ತಿದ್ದರು. ಹೀಗೂ ವ್ಯಾಪಾರ ಮಾಡುವವರು ಇರುತ್ತಾರಾ ದೇವರೇ! ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಆ ಅಕ್ಷರವೋ, ಆ ದೇವರಿಗೇ ಪ್ರೀತಿ. ವಿಳಾಸ ತಪ್ಪಿ ಪಾರ್ಸೆಲ್ ತಿರುಗಿ ಬಂದರೆ ಅಂಚೆ ಕಚೇರಿಗೆ ಓಡಬೇಕಾದವಳು ನಾನು.

ಸಾಕಾಗಿ, ಆನ್‌ಲೈನ್ ಅಂಗಡಿ ಮಾಡೋಣ ಎಂದೆ. ದಾರಿ ಎರಡಿತ್ತು. ತಿಂಗಳ ಬಾಡಿಗೆ ಕಟ್ಟಿ ರೆಡಿಮೇಡ್ ಅಂಗಡಿ ತೆಗೆದುಕೊಳ್ಳುವುದು, ಇಲ್ಲವೇ ನಮಗೆ ಬೇಕಾದ ಹಾಗೆ ಹೊಸದಾಗಿ ಮಾಡಿಸುವುದು. ಕುಮಟಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರೊಬ್ಬರು ತಾನು ಮಾಡಿಕೊಡುತ್ತೇನೆಂದು ಮನೆಗೇ ಬಂದರು. ಅತ್ತಿಗೆ ಮುರುಗಲು ಪಾನಕ ಕೊಟ್ಟು ಎರಡು ತಾಸು ಮಾತಾಡಿದರು. ಏಳುವ ಮುಂಚೆ ಆತ ಒಂದು ಹಾಳೆಯಲ್ಲಿ ಅಂಗಡಿಯ ಪುಟ ಹೇಗಿರುತ್ತದೆಂದು ಬರೆದು ತೋರಿಸಿದರು. ಎಲ್ಲಕ್ಕಿಂತ ಮೇಲೆ, ದಪ್ಪ ಕನ್ನಡ ಅಕ್ಷರದಲ್ಲಿ, 'ತಿನ್ನೋರು ಯಾರು?' ಅತ್ತಿಗೆ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಇದಾದ್ರೆ ಆನೇ ನಡೆಸ್ತೆ" ಎಂದರು, ಅಂಗಡಿಯನ್ನು ತಾವೇ ನೋಡಿಕೊಳ್ಳುವ ಹುರುಪಿನಲ್ಲಿ.

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಒಂದು ವಾರ ಎಂದದ್ದು ಮೂರು ತಿಂಗಳಾಯಿತು. ಫೋನ್ ಮಾಡಿದರೆ, "ಆತು ಅಕ್ಕೋರೇ, ದುಡ್ಡು ಕಟ್ಟೂದೊಂದು ಸರಿ ಆಗ್ಬೇಕು." ಅದು ಸರಿಯಾದರೆ ಫೋಟೊ ಕಾಣುವುದಿಲ್ಲ, ಫೋಟೊ ಕಂಡರೆ ಇಡೀ ಪುಟವೇ ಮಾಯ. ಒಳ್ಳೆಯ ಮನುಷ್ಯ, ಬೈಯಲೂ ಬಾಯಿ ಬಾರದು. ನನಗೋ ಪ್ಯಾಕೆಟ್ಟು, ವಿಳಾಸ, ಶಾಲೆಯ ಪೇಪರು, ಬಸ್ಸು. ಒಂದು ಭಾನುವಾರ ಮಧ್ಯಾಹ್ನ ತಲೆಕೆಟ್ಟು ಬಾಡಿಗೆಯ ರೆಡಿಮೇಡ್ ಅಂಗಡಿಯನ್ನೇ ತೆಗೆದುಕೊಂಡೆ. ಸಂಜೆಯೊಳಗೆ ಅಂಗಡಿ ತೆರೆದಿತ್ತು. ಹಳೆಯ ಗಿರಾಕಿಗಳಿಗೆಲ್ಲ 'ಇನ್ನು ಫೋನಿನಲ್ಲಿ ಆರ್ಡರ್ ಇಲ್ಲ' ಎಂದು ಮೆಸೇಜು ಹಾಕಿದೆ. ಅಬ್ಬಾ ಎನ್ನಿಸಿತು.

ಅತ್ತಿಗೆ ಪಕ್ಕದಲ್ಲಿ ಬಂದು ಇಣುಕಿದರು. "'ತಿನ್ನೋರು ಯಾರು' ಹೇಳಿ ಇದು ಎಲ್ಲಿ ಕೇಳ್ತು?"

"ಕೇಳ್ತಿಲ್ಲೆ ಅತ್ತಿಗೆ. ಅದೆಲ್ಲ ಬೇಡ ಈಗ."

"ಎಲ್ಲಾ ಇಂಗ್ಲಿಷಲ್ಲೇ ಇದ್ದು."

"ಆನು ನೋಡ್ಕತ್ತೆ."

"ಆತು" ಎಂದು ಒಳಗೆ ಹೋದರು. ಹುಡುಕಿದ್ದರೆ ಆ ಪ್ರಶ್ನೆ ಸೇರಿಸಲು ಎಲ್ಲಾದರೂ ಜಾಗ ಸಿಗುತ್ತಿತ್ತೋ ಏನೋ. ಹುಡುಕುವ ತ್ರಾಣ ನನಗಿರಲಿಲ್ಲ.

ಅಂಗಡಿ ಚೆನ್ನಾಗಿಯೇ ನಡೆಯಿತು. ವಿಳಾಸ ತಾನಾಗಿ ಅಚ್ಚಾಗಿ ಬರುತ್ತಿತ್ತು, ನಾನು ಅಂಟಿಸಿದರಾಯಿತು. ಅತ್ತಿಗೆಯ ಫೋನ್ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಅದನ್ನು ಚಾರ್ಜಿಗೆ ಹಾಕುತ್ತಿದ್ದರು. ಕಂಡೂ ಕಾಣದವಳ ಹಾಗೆ ಇದ್ದೆ. ಮನೆ ಸ್ವಚ್ಛ ಮಾಡುವಾಗ ಹಳೆಯ ಪೇಪರುಗಳ ಜೊತೆ ಅತ್ತಿಗೆಯ ಆ ನೋಟ್‌ಬುಕ್ಕನ್ನೂ, ಅವರನ್ನು ಕೇಳದೆ, ರದ್ದಿಯವನಿಗೆ ಕೊಟ್ಟುಬಿಟ್ಟೆ.

ಹೋದ ತಿಂಗಳು ಹುಬ್ಬಳ್ಳಿಯ ಹಳೆಯ ಗಿರಾಕಿಯೊಬ್ಬರು ನಮ್ಮ ಹಪ್ಪಳಕ್ಕೆ ಒಂದೇ ಸ್ಟಾರ್ ಕೊಟ್ಟಿದ್ದರು. ಅಯ್ಯೋ ಕರ್ಮವೇ ಎಂದುಕೊಂಡು ಕ್ಷಮೆ ಕೇಳಲು ಫೋನ್ ಮಾಡಿದೆ. ಅತ್ತಿಗೆ ಹತ್ತಿರದಲ್ಲೇ ಹಪ್ಪಳ ಎಣಿಸುತ್ತಿದ್ದರು. ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರ್ ಹಾಕಿದ್ದೆ.

"ನಮ್ಮವ್ವಗ ಹಲ್ಲಿಲ್ರಿ. ಇಷ್ಟು ದಪ್ಪ ಹಪ್ಪಳ ಹೆಂಗ ತಿಂತಾಳ? ಅವರಿದ್ದಾಗ ಕೇಳಿ ಕಳಸ್ತಿದ್ರು" ಎಂದ ಆಕೆ ದನಿ ತಗ್ಗಿಸಿದರು. "ಯಾವಾಗ ತೀರ್ಕೊಂಡ್ರು ಅವರು? ಫೋನ್ ಬಂದ್ ಅಂತ ಮೆಸೇಜ್ ಬಂತಲ್ಲ, ಆವಾಗ್ಲೇ ನಮಗ ತಿಳೀತು. ಅವ್ವ ಭಾಳ ಅತ್ಲು."

ಅತ್ತಿಗೆ ಸೆರಗಿಗೆ ಕೈಯೊರೆಸಿಕೊಂಡು ಫೋನ್ ತೆಗೆದುಕೊಂಡರು.

"ಇದ್ದೇನೆ ಮಾರಾಯ್ತಿ, ಸತ್ತಿಲ್ಲ" ಎಂದರು. ನಗಲಿಲ್ಲ. "ಅಮ್ಮನಿಗೆ ಈಗ ಖಾರ ಆಗ್ತದಾ?" ಎಂದು ಕೇಳುತ್ತಲೇ, ಬರೆದುಕೊಳ್ಳಲು ನೋಟ್‌ಬುಕ್ ಕೊಡು ಎಂಬಂತೆ ನನ್ನ ಕಡೆಗೆ ಕೈ ಚಾಚಿದರು.